ತತ್ತಿಚೆಂಡಿನ ಸಂಘದ ದಫ್ತರ

ಮೊದಲ ಪುಟದಾಗ ತಾರೀಖಿಲ್ಲ.
ಇಸಾಮೊದ್ದೀನನ ಕೈಬರಹ, ನೀರು ಬಿದ್ದು ಹಬ್ಬಿದ ನೀಲಿ ಶಾಯಿ,
ಒಂದೇ ಸಾಲು:
‘ಚೆಂಡು ಸಿಕ್ಕಿತು. ದುಂಡಗಿಲ್ಲ.’

ಶಹಾಬಾದದ ಸಂತಿಗೆ ಬರುತ್ತಿದ್ದ
ಪರದೇಶದ ಹಳೇ ಅರಿವಿ ಗಂಟು.
ಉಣ್ಣಿ ಕೋಟು, ಜೋಡಿಯಿಲ್ಲದ ಬೂಟು,
ನಡುವೆ ಗಾಳಿ ಹೋದ ಚರ್ಮದ ತತ್ತಿ,
ಮ್ಯಾಲ ದೊಡ್ಡ ಗಾಯಕ್ಕ ಹಾಕಿದಂಥ ಹೊಲಿಗಿ.
ಗಂಟಿನ ಮಾಲಕ ಅಂದನಂತ:
ಗಂಟು ಆಸ್ಟ್ರೇಲಿಯಾದ್ದು, ಆಟ ಅಮೆರಿಕಾದ್ದು,
ರೊಕ್ಕ ಮಾತ್ರ ಇಲ್ಲೇ ಇಡ್ರಿ.
ಹದಿನಾಲ್ಕು ರೂಪಾಯಿ. ಏಳು ಮಂದಿ, ತಲಾ ಎರಡು.

ಖಾಲಿ ಬಿದ್ದ ಫರಸಿ ಖಣಿಯ ತಳವೇ ಮೈದಾನ.
ಮೆಟ್ಟಿಲು ಮೆಟ್ಟಿಲಾಗಿ ಕೊಯ್ದ ಕಲ್ಲು,
ಮ್ಯಾಲಿನ ಮೆಟ್ಟಿಲಿಗೆ ಹನ್ನೊಂದು ಆಡು,
ಅವುಗಳ ಹಿಂದ ನಾನು.
ಬೀಳುವುದೇ ಆಟ ಇರುವ ಆಟಕ್ಕ
ಕಲ್ಲಿನ ನೆಲ.
ಈಗ ನೆನೆಸಿದರ ಅವರಿಗೆ ನಗು ಬರ್ತದ,
ಮೊಣಕಾಲಿಗೆ ಇನ್ನೂ ಬಂದಿಲ್ಲ.

ಕಾಯಿದೆ ಯಾರಿಗೆ ಗೊತ್ತು?
ತಾಂಡಾದ ಥಾವರು ಹೇಳಿದ:
ಹಿಡಿದವ ಓಡಬೇಕು, ಉಳಿದವರು ಬಿಡಬಾರದು.
ಎರಡನೇ ಪುಟ ಅಷ್ಟೇ.
ಮೂರನೇ ಪುಟ ಬರೀ ತಿದ್ದುಪಡಿ:
ಕಚ್ಚುವಂತಿಲ್ಲ.
ಅಂಗಿ ಹರಿದವನೇ ಹೊಲಿಸಿಕೊಡಬೇಕು.
ಸಂಜೀ ಗಾಡಿ ಸೀಟಿ ಹೊಡೆದರ ಆಟ ಮುಗೀತು,
ಭೀಮಶಾ ಅದಕ್ಕೇ ಹೋಗುವವ,
ಅವ ಹೋದರ ಎದುರಿಗೆ ನಿಲ್ಲಲಾಕ ಮೈಯುಳ್ಳವರಿಲ್ಲ.

ಹಳದಿ ಟೊಪ್ಪಿಗಿ ತಂದವ ಪ್ರಭುದಾಸ,
ಸಿಮೆಂಟ್ ಫ್ಯಾಕ್ಟರಿಯಿಂದ, ರಾತ್ರಿ ಪಾಳಿ ಮುಗಿಸಿ.
ಒಂಬತ್ತು ತರಬೇಕು, ಒಂಬತ್ತು ಎಣಿಸಿ ತಿರುಗಿ ಇಡಬೇಕು.
ಒಮ್ಮೆ ಎಂಟಾದವು.
ಪಗಾರದಾಗ ನಲವತ್ತೆರಡು ರೂಪಾಯಿ ಕಡಿತ.
ಸಂಘ ಕೊಡ್ತದ ಅಂತ ಬರೆದಾರ, ಎಲ್ಲರ ಸಹಿ ಅದ,
ಥಾವರುಂದು ಹೆಬ್ಬೆಟ್ಟು.

ಆರನೇ ಪುಟದಿಂದ ಅಕ್ಷರ ನನ್ನವು.
ಅಂಕಕ್ಕ ದಿನಾ ಜಗಳ. ಒಂದಿನ ಇಸಾಮೊದ್ದೀನ ಮ್ಯಾಲ ನೋಡಿ ಕೂಗಿದ:
ಏ ಶರಣಮ್ಮ, ಆಡು ಎಣಿಸಲಾಕ ತಪ್ಪುತೀ ಏನು?
ಇಲ್ಲ.
ಹಂಗಾದರ ನಮ್ಮನ್ನೂ ಎಣಿಸು.

ವಾಡಿಯವರು ಪಂದ್ಯಕ್ಕ ಬಂದರು, ದುಂಡ ಚೆಂಡು ಹಿಡಕೊಂಡು.
ಒಂದು ತಾಸು ವಾದ.
ಮೊದಲರ್ಧ ಅವರ ಚೆಂಡು, ಕಾಲಿಲೆ.
ಕಡೀಅರ್ಧ ನಮ್ಮದು, ಕೈಲೆ, ಮೈಲೆ.
ದಫ್ತರದಾಗ ‘ಗೆದ್ದೆವು’ ಅಂತ ಬರೆದೆ.
ಅವರ ದಫ್ತರದಾಗೂ
ಅದೇ ಶಬ್ದ ಅದ ಅಂತ ಕೇಳೇನಿ.

ಚೆಂಡಿನ ಚರ್ಮ ನಾಲ್ಕು ಸಲ ಬದಲಾಯಿತು,
ಚಪ್ಪಲಿ ಹೊಲಿಯುವ ಮಲ್ಕಪ್ಪನ ಕೈಲೆ.
ಒಳಗ ಸೈಕಲ್ ಟ್ಯೂಬು.
ಪರದೇಶದ್ದು ಅಂತ ಉಳಿದದ್ದು ಲಾಡಿ ಒಂದೇ,
ಅದೂ ಅರ್ಧ.

ಖಣಿಯ ಪಂಪು ನಿಂತ ವರ್ಷ ನೀರು ಮೇಲೆ ಬಂತು.
ಅವಸರ ಇಲ್ಲದ ನೀರು. ಮೊದಲು ಗೆರೆ ಮುಳುಗಿತು,
ಪೇಂಟಿನ ಬಿಳಿ ಗೆರೆ, ಭೀಮಶಾ ಎಳೆದದ್ದು, ಸೊಟ್ಟ,
ಆಮೇಲೆ ಒಂದೊಂದೇ ಮೆಟ್ಟಿಲು,
ಆಮೇಲೆ ನಾನು ಕೂಡುತ್ತಿದ್ದ ಕಲ್ಲು.
ಆ ವರ್ಷದ ಪುಟಕ್ಕ ಏನೂ ಬರೆದಿಲ್ಲ. ಹರಿದೂ ಇಲ್ಲ.

ರೈಲ್ವೆ ಬಯಲಿನಾಗ ಎರಡು ಬ್ಯಾಸಿಗಿ ಆಡಿದರು.
ಮಣ್ಣಿನ ಮ್ಯಾಲ ಬಿದ್ದರ
ಬಿದ್ದಂಗೇ ಅನಸೂದಿಲ್ಲ, ಅಂದ ಥಾವರು,
ಒಬ್ಬೊಬ್ಬರೇ ಬರೂದು ಬಿಟ್ಟರು.

ಈ ಸಲ ಮೇ ತಿಂಗಳು ನೀರು ಇಳೀತು.
ಹಳದಿ ಏನೋ ಹೊಳೀತದ ಅಂತ ಹುಡುಗೊಬ್ಬ ಓಡಿ ಬಂದ.
ಅರವತ್ತರ ಪ್ರಭುದಾಸ ಕೋಲು ಹಿಡಿದು ಇಳಿದ,
ನಾನು ಹಿಂದ.
ಟೊಪ್ಪಿಗಿ ಅಲ್ಲ.
ಎಣ್ಣಿ ಡಬ್ಬಿ.

ಅಲ್ಲೇ ದಂಡಿಗೆ ಕುಂತು ನಲವತ್ತೆರಡು ರೂಪಾಯಿ ಎಣಿಸಿ ಚಾಚಿದೆ.
ಬಾಕಿ ತೀರದೆ ಸಂಘ ಮುಚ್ಚುವಂತಿಲ್ಲ,
ಮೂರನೇ ಪುಟ, ಕೊನೆಯ ಸಾಲು.
ಅವ ರೊಕ್ಕ ನೋಡಲಿಲ್ಲ.
ಡಬ್ಬಿಯ ನೀರು ಚೆಲ್ಲುತ್ತ ಅಂದ:
ಇರಲಿ ಬಿಡವ್ವಾ,
ಮುಂದಿನ ತಿಂಗಳು ತಗೋತೀನಿ.